ಮೂಲೆ ಹರಿದ ಪ್ಲೇಟು

ಬೆಳಿಗ್ಗೆ ಎಂಟಕ್ಕೆ ಅವನು ಕತ್ತಲೆಕೋಣೆಯ ಎರಡೂ ಬಾಗಿಲುಗಳನ್ನು ಹಾಕಿಕೊಂಡು, ಕೆಂಪು ಗಾಜಿನ ದೀಪ ಹಚ್ಚಿ, ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತ. ದಿನವೂ ಹೀಗೆ ಹತ್ತು ನಿಮಿಷ ಕೂರುತ್ತಿದ್ದ. ಹೊರಗಿನ ಬೆಳಕು ಕಣ್ಣಿನಿಂದ ಪೂರ್ತಿ ಇಳಿಯುವ ತನಕ ಪ್ಲೇಟು ಮುಟ್ಟಬಾರದು ಎಂಬುದು ಅವನೇ ಹಾಕಿಕೊಂಡ ಕಟ್ಟುಪಾಡು. ಆ ಹೊತ್ತಿನಲ್ಲಿ ಯಾರಾದರೂ ಬಾಗಿಲು ತಟ್ಟಿದರೆ, ಒಲೆಯ ಮುಂದಿರುವವರು ಅಡುಗೆ ಆಗ್ತಾ ಇದೆ ಎನ್ನುವ ಧಾಟಿಯಲ್ಲಿ, "ಕಣ್ಣು ಆಗ್ತಾ ಇದೆ" ಎಂದು ಒಳಗಿನಿಂದಲೇ ಹೇಳುತ್ತಿದ್ದ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮೆಟ್ಟಿಲಿನ ಅಡಿಯಲ್ಲಿದ್ದ ಆ ಕೋಣೆಯಲ್ಲಿ ಹಿಂದೆ ಇದ್ದಿಲು ತುಂಬುತ್ತಿದ್ದರು. ಎಕ್ಸ್‌ರೇ ಯಂತ್ರ ಬಂದ ವರ್ಷ ಗೋಡೆಗಳಿಗೆ ಕಪ್ಪು ಬಳಿದು, ಒಂದು ನಲ್ಲಿ ಎಳೆದು, ಮೂರು ತಟ್ಟೆಗಳನ್ನೂ ಮರದ ಒಂದು ತೊಟ್ಟಿಯನ್ನೂ ತಂದಿಟ್ಟರು. ಫಿಲ್ಮು ಇನ್ನೂ ಬಂದಿರದ ಕಾಲ. ಒಂದು ಮುಖಕ್ಕೆ ಜೆಲಟಿನ್ ಪೊರೆ ಹಚ್ಚಿದ, ಅಗಲವಾದ ಗಾಜಿನ ಪ್ಲೇಟಿನ ಮೇಲೆಯೇ ಮೈಯೊಳಗಿನ ಚಿತ್ರ ಮೂಡಬೇಕಿತ್ತು. ಮೊದಲ ತಟ್ಟೆಯಲ್ಲಿ ಚಿತ್ರ ಬರಿಸುವ ದ್ರಾವಣ, ಎರಡನೆಯದರಲ್ಲಿ ನೀರು, ಮೂರನೆಯದರಲ್ಲಿ ಚಿತ್ರವನ್ನು ನಿಲ್ಲಿಸುವ ಹೈಪೋ. ಆಮೇಲೆ ತೊಟ್ಟಿಯಲ್ಲಿ ಒಂದು ಗಂಟೆ ಹರಿಯುವ ನೀರು. ಪಕ್ಕೆಲುಬು, ಮೊಣಕಾಲು, ಮುರಿದ ಮುಂಗೈ, ಯಾರದೋ ಎದೆಯಲ್ಲಿ ನಿಂತ ಲೋಹದ ಚೂರು ಎಲ್ಲವೂ ಮೊದಲು ಕಾಣಿಸುತ್ತಿದ್ದುದು ಅವನಿಗೆ. ಡಾಕ್ಟರಿಗೆ ತಿಳಿಯುವ ಮುಂಚೆ, ರೋಗಿಗೆ ತಿಳಿಯುವ ಎಷ್ಟೋ ಮುಂಚೆ.

ಆಸ್ಪತ್ರೆಯಲ್ಲಿ ಅವನಿಗೆ ಗೂಬೆ ಎಂದೇ ಹೆಸರು. ಇಟ್ಟವಳು ಅವನ ಅತ್ತಿಗೆ. ಕತ್ತಲೆಕೋಣೆಯ ಗೋಡೆಯಾಚೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆ. ಅಲ್ಲಿ ಆಕೆ ಹನ್ನೊಂದು ವರ್ಷಗಳಿಂದ ಹಾಸಿಗೆ ಬಟ್ಟೆ ಕುದಿಸುತ್ತಿದ್ದಳು. ಅಣ್ಣ ಸತ್ತ ಮೇಲೆ ಆ ಕೆಲಸ ಕೊಡಿಸಿದವನು ಇವನೇ. ಆಕೆ ಇವರ ಮನೆಗೆ ಸೊಸೆಯಾಗಿ ಬಂದಾಗ ಇವನಿಗೆ ಹನ್ನೆರಡು ವರ್ಷ. ತಲೆ ಬಾಚಿ, ಮೂಗು ಒರೆಸಿ ಬೆಳೆಸಿದ್ದಳು. ಈಗಲೂ ಅದೇ ಸಲಿಗೆಯಲ್ಲಿ ಮಾತಾಡುತ್ತಿದ್ದಳು. ದ್ರಾವಣ ಚೆಲ್ಲಿ ಕಪ್ಪಾದ ಅವನ ಏಪ್ರನ್ನು ವಾರಕ್ಕೊಮ್ಮೆ ಆಕೆಯ ಕೈಗೆ ಬರುತ್ತಿತ್ತು.

"ಇದನ್ನ ಒಗೆಯೋದಕ್ಕಿಂತ ನಿನಗೆ ಕಪ್ಪು ಬಟ್ಟೇಲೇ ಒಂದು ಹೊಲಿಸಿಬಿಡೋದು ವಾಸಿ" ಎನ್ನುತ್ತಿದ್ದಳು. "ಉಗುರೂ ಹಾಗೇ ಇದೆ. ನೀನು ಊಟಕ್ಕೆ ಕೂತ್ರೆ, ಇದ್ದಿಲು ಇಳಿಸೋನು ಬಂದು ಕೂತ ಅನ್ನಿಸ್ತದೆ."

"ಕೆಲಸ ಮಾಡೋ ಕೈ ಅತ್ತಿಗೆ."

"ನಾನೇನು ಕೈ ಕಟ್ಕೊಂಡು ಕೂತಿದ್ದೀನಾ? ನನ್ನ ಉಗುರು ನೋಡು, ಬೆಳ್ಳಗೆ ಬೆಂದುಹೋಗಿದೆ."

ಆ ಬೇಸಿಗೆಯಲ್ಲಿ ಆಕೆಗೆ ಸೊಂಟದ ಎಡಕ್ಕೆ ನೋವು ಶುರುವಾಯಿತು. ಮೊದಲು ಒದ್ದೆ ಬಟ್ಟೆ ಎತ್ತಿದ್ದರಿಂದ ಹಿಡಿದುಕೊಂಡಿದೆ ಎಂದುಕೊಂಡಳು. ಎರಡನೆಯ ತಿಂಗಳಲ್ಲಿ ಮೂತ್ರದಲ್ಲಿ ರಕ್ತ ಕಂಡಿತು. ಅವನ ಹೆಂಡತಿ ಬಲವಂತ ಮಾಡಿ ಸರ್ಜನ್ ಹತ್ತಿರ ಕರೆದೊಯ್ದಳು. ಮೂತ್ರಪಿಂಡದಲ್ಲಿ ಕಲ್ಲಿರಬಹುದು, ಚಿತ್ರ ತೆಗೆಯೋಣ ಎಂದರು ಸರ್ಜನ್.

ಚಿತ್ರ ತೆಗೆದದ್ದು ಒಂದು ಸೋಮವಾರ ಮಧ್ಯಾಹ್ನ. ರೋಗಿಯನ್ನು ಮಲಗಿಸುವಾಗ ಪ್ಲೇಟಿನ ಮೇಲಿನ ಮೂಲೆಯಲ್ಲಿ, ಅವರ ಬಲಗಡೆಗೆ, ಒಂದು ಸೀಸದ ಬಿಲ್ಲೆ ಇಡುವುದು ಅಲ್ಲಿನ ಪದ್ಧತಿ. ಬಿಲ್ಲೆಯ ಗುರುತು ಚಿತ್ರದಲ್ಲಿ ದುಂಡಗೆ ತಿಳಿಯಾಗಿ ಬೀಳುತ್ತಿತ್ತು; ಯಾವುದು ಎಡ, ಯಾವುದು ಬಲ ಎಂದು ಅದರಿಂದಲೇ ತಿಳಿಯಬೇಕು. ಕತ್ತಲೆಕೋಣೆಗೆ ಬಂದ ಕೂಡಲೇ ಅವನು ಅದೇ ಮೂಲೆಯಲ್ಲಿ, ಪೊರೆಯ ಮೇಲೆ, ಪೆನ್ಸಿಲಿನಿಂದ ಸಂಖ್ಯೆ ಬರೆಯುತ್ತಿದ್ದ. ಆ ದಿನದ ಸಂಖ್ಯೆ 437.

ಬಿಸಿಲಿಗೆ ಛಾವಣಿಯ ಮೇಲಿನ ನೀರಿನ ಟ್ಯಾಂಕು ಕಾದುಹೋಗಿತ್ತು. ನಲ್ಲಿಯಲ್ಲಿ ಬರುತ್ತಿದ್ದುದು ಸ್ನಾನಕ್ಕಾಗುವಷ್ಟು ಬಿಸಿ ನೀರು. ಬೇಸಿಗೆಯಲ್ಲಿ ತಟ್ಟೆಗಳನ್ನು ಐಸಿನ ಮೇಲಿಟ್ಟು, ತೊಟ್ಟಿಗೂ ಐಸು ಹಾಕಿ ಕೆಲಸ ಮಾಡಬೇಕು. ಇಲ್ಲದಿದ್ದರೆ ಜೆಲಟಿನ್ ಉಬ್ಬಿ ಗಾಜಿನಿಂದ ಏಳುತ್ತದೆ. ಅಂದು ಕಾರ್ಖಾನೆಯಿಂದ ಬಂದದ್ದು ಅರ್ಧ ಗಾಡಿ ಐಸು. ಅದನ್ನು ಶವಾಗಾರ ನೋಡಿಕೊಳ್ಳುವವನು ಪೂರ್ತಿ ಎತ್ತಿಕೊಂಡಿದ್ದ.

"ಒಂದು ಗಡ್ಡೆ ಕೊಡಪ್ಪ" ಎಂದು ಇವನು ಕೇಳಿದ.

"ನಿನ್ನ ಗಾಜು ನಾಳೆವರೆಗೂ ಸುಮ್ನೆ ಬಿದ್ದಿರ್ತದೆ ಗೂಬೆ. ನನ್ನ ಕಡೆಯೋರು ಬಿದ್ದಿರಲ್ಲ, ಊರಿಗೆಲ್ಲ ತಿಳಿಸ್ತಾರೆ."

ಆತ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಪ್ಪು ಕಾಗದದಲ್ಲಿ ಸುತ್ತಿದ ಪ್ಲೇಟು ಒಂದು ದಿನವಲ್ಲ, ಒಂದು ವಾರ ಕಾಯಬಲ್ಲದು. ಬೇರೆ ಯಾರದೇ ಆಗಿದ್ದರೂ ಅವನು ಕಾಯುತ್ತಿದ್ದ. ಆದರೆ ಸಂಜೆ ಮನೆಗೆ ಹೋದ ಕೂಡಲೇ ಅತ್ತಿಗೆ ಕೇಳುತ್ತಾಳೆ. ಮೂರು ರಾತ್ರಿಗಳಿಂದ ಆಕೆ ಮಲಗಿರಲಿಲ್ಲ. ಆಗಲಿ ನೋಡೋಣ ಎಂದು ಅವನು ಪ್ಲೇಟನ್ನು ಮೊದಲ ತಟ್ಟೆಗೆ ಇಳಿಸಿದ.

ಚಿತ್ರ ಚೆನ್ನಾಗಿಯೇ ಬಂತು. ಹೈಪೋ ದಾಟುವವರೆಗೂ ಏನೂ ಆಗಲಿಲ್ಲ. ತೊಟ್ಟಿಯಲ್ಲಿ ಹತ್ತು ನಿಮಿಷವಾದ ಮೇಲೆ ಪ್ಲೇಟಿನ ಅಂಚಿನಲ್ಲಿ ಸೀರೆಯ ನಿರಿಗೆಯಂತೆ ಸಣ್ಣ ಸುಕ್ಕುಗಳು ಎದ್ದವು. ಅವನು ನಲ್ಲಿ ನಿಲ್ಲಿಸಿದ. ತಡವಾಗಿತ್ತು. ಪೊರೆ ಇಡಿಯಾಗಿ ಗಾಜಿನಿಂದ ಜಾರಿ, ಹಾಲಿನ ಕೆನೆಯ ಹಾಗೆ ನೀರಿನ ಮೇಲೆ ತೇಲಿತು. ಮೇಲಿನ ಎರಡು ಮೂಲೆಗಳೂ ಹರಿದು ಹೋಗಿದ್ದವು. ಬಿಲ್ಲೆಯ ಗುರುತೂ ಸಂಖ್ಯೆಯೂ ಅವುಗಳ ಜೊತೆಗೇ ಹೋದವು.

ಇಂಥದ್ದನ್ನು ಅವನು ಮೊದಲೂ ಕಂಡಿದ್ದ. ಆಸ್ಪತ್ರೆಗೆ ಬರುವ ಮುಂಚೆ ಒಂಬತ್ತು ವರ್ಷ ಫೋಟೋ ಸ್ಟುಡಿಯೋದಲ್ಲಿ ಪ್ಲೇಟು ತೊಳೆಯುತ್ತಿದ್ದಾಗ, ಗಾಜು ಬಿಟ್ಟ ಪೊರೆಯನ್ನು ಮತ್ತೆ ಕೂರಿಸುವ ವಿದ್ಯೆ ಕಲಿತಿದ್ದ. ಅದು ನೂರರಲ್ಲಿ ಒಬ್ಬರಿಗೆ ಬರುವ ವಿದ್ಯೆ. ಬೇರೊಂದು ತೊಳೆದ ಗಾಜನ್ನು ನೀರಿಗೆ ಬಿಟ್ಟು ಪೊರೆಯ ಕೆಳಗೆ ತಂದ. ಅಷ್ಟರಲ್ಲಿ ಪೊರೆ ಮಧ್ಯಕ್ಕೆ ಮಡಿಚಿಕೊಂಡು ಮುಳುಗತೊಡಗಿತು. ಮೆತ್ತನೆಯ ಕುಂಚದಿಂದ ಅದನ್ನು ತಡೆದು, ಮಡಿಕೆ ಬಿಡಿಸಿ, ಹರಡಿ, ಗಾಜಿನ ಮೇಲೆ ಹತ್ತಿಸಿ ಓರೆಯಾಗಿ ಎತ್ತಿದ. ನೀರು ಬಸಿಯಿತು. ಒಂದು ಸುಕ್ಕೂ ಇರಲಿಲ್ಲ. ನೀರಿನಲ್ಲಿ ಪೊರೆಯ ಎರಡು ಮುಖಗಳೂ ಒಂದೇ ಥರ ಲೋಳೆ ಲೋಳೆ; ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಡಿಚಿ ಬಿಚ್ಚಿಕೊಂಡಾಗ ಯಾವ ಮುಖ ಮೇಲೆ ಬಂತು ಎಂಬ ಪ್ರಶ್ನೆಯೇ ಆ ಹೊತ್ತಿನಲ್ಲಿ ಅವನಿಗೆ ಹುಟ್ಟಲಿಲ್ಲ. ಉಳಿಯಿತಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಒಣಗಿದ ಮೇಲೆ ಪೊರೆಯ ಮುಖ ತನ್ನ ಕಡೆಗೆ ಮಾಡಿ, ಬೆಳಕಿಗೆ ಹಿಡಿದು ನೋಡಿದ. ಬೆನ್ನುಮೂಳೆಯ ಪಕ್ಕದಲ್ಲಿ ಅವರೆಕಾಳಿನಷ್ಟು ದೊಡ್ಡ ಬಿಳಿಯ ಚುಕ್ಕೆ. ತನ್ನ ಎಡಗೈ ಕಡೆ ಇದ್ದದ್ದು ರೋಗಿಯ ಬಲ. ಇದು ಅವನಿಗೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಗೊತ್ತು. ಚುಕ್ಕೆ ಎಡಗೈ ಕಡೆ ಇತ್ತು. ಕಾಗದದ ಲಕೋಟೆಯ ಮೇಲೆ ಸಂಖ್ಯೆ ಬರೆದು, ಕೆಳಗೆ ‘ಕಲ್ಲು, ಬಲ’ ಎಂದು ಬರೆದ.

ಮಂಗಳವಾರ ಸರ್ಜನ್ ಪ್ಲೇಟನ್ನು ಕಿಟಕಿಗೆ ಹಿಡಿದರು. ಹರಿದ ಮೂಲೆಗಳನ್ನು ಕಂಡು ಏನಾಯಿತು ಎಂದು ಕೇಳಿದರು. ಅವನು ಹೇಳಿದ. ಅವರು ಜೊತೆಗಿದ್ದ ಇಬ್ಬರು ಕಿರಿಯ ಡಾಕ್ಟರುಗಳ ಕಡೆ ತಿರುಗಿದರು.

"ಬೇರೆಯವನಾಗಿದ್ರೆ ಕಸದ ಬುಟ್ಟಿಗೆ ಹಾಕಿ, ಆ ಹೆಂಗಸನ್ನ ಇನ್ನೊಂದ್ಸಲ ಮೇಜಿನ ಮೇಲೆ ಮಲಗಿಸ್ತಿದ್ದ. ಇವನ ಕೈ ನೋಡಿ. ನಿಮ್ಮಿಬ್ರಿಗೂ ಇಂಥ ಕೈ ಇಲ್ಲ."

ಆ ಮಾತನ್ನು ಅವನು ಸಂಜೆ ಹೆಂಡತಿಗೆ ಹೇಳಿದ. ಹೇಳಬಾರದು ಎಂದುಕೊಂಡೇ ಹೇಳಿದ.

ಬುಧವಾರ ಅತ್ತಿಗೆ ತಕರಾರು ತೆಗೆದಳು. ಆಕೆಯನ್ನು ಆಗಲೇ ಹೆಂಗಸರ ವಾರ್ಡಿನಲ್ಲಿ ಮಲಗಿಸಿದ್ದರು. ಶನಿವಾರ ಬಲಗಡೆ ಕೊಯ್ಯುತ್ತಾರೆ ಎಂದು ನರ್ಸು ಹೇಳಿದಾಗ, ಒಪ್ಪಿಗೆಯ ಕಾಗದವನ್ನು ತಿರುಗಿಸಿ ಕೊಟ್ಟುಬಿಟ್ಟಳು. ನಿಮ್ಮ ಅತ್ತಿಗೆಗೆ ನೀವೇ ತಿಳಿಸಿ ಹೇಳಿ ಎಂದು ಸರ್ಜನ್ ಇವನಿಗೆ ಹೇಳಿಕಳಿಸಿದರು.

"ನೋವು ಎಡಗಡೆ ಕಣೋ" ಎಂದಳು ಅತ್ತಿಗೆ. "ಎರಡು ತಿಂಗಳಿಂದ ಎಡಗಡೆ. ಇವರಿಗೆ ಮಾತ್ರ ಬಲವೇ ಬೇಕಂತೆ."

"ಕಲ್ಲು ಒಂದು ಕಡೆ ಇದ್ದು, ನೋವು ಇನ್ನೊಂದು ಕಡೆ ಕಾಣಿಸ್ಕೊಳ್ಳೋದು ಉಂಟಂತೆ ಅತ್ತಿಗೆ. ಸರ್ಜನ್ನೇ ಹೇಳಿದ್ರು."

"ಹಲ್ಲು ನೋವು ಬಂದ್ರೂ ಹಾಗೇನಾ? ಯಾವ ಹಲ್ಲು ಅಂತ ನಿನ್ನ ಗಾಜನ್ನ ಕೇಳ್ಕೊಂಡು ಬರಬೇಕಾ?"

ಪಕ್ಕದ ಹಾಸಿಗೆಯ ಮುದುಕಿ ನಕ್ಕಳು. ಅವನಿಗೆ ನಗು ಬರಲಿಲ್ಲ. ಕೆಳಗೆ ಹೋಗಿ ಪ್ಲೇಟು ತಂದು ಕಿಟಕಿಯ ಬೆಳಕಿಗೆ ಹಿಡಿದ. ಅತ್ತಿಗೆ ಮೊಣಕೈ ಊರಿ ಎದ್ದು ನೋಡಿದಳು.

"ಇದು ನಾನಾ?"

"ನೀವೇ."

"ಇಷ್ಟು ಸಣ್ಣ ಸೊಂಟ ನಂದು ಯಾವತ್ತಿತ್ತು? ಬೇರೆ ಯಾರದೋ ತಂದಿದ್ದೀಯ."

"ತಮಾಷೆ ಬೇಡ. ಇಲ್ಲಿ ನೋಡಿ, ಈ ಬಿಳಿ ಚುಕ್ಕೆ. ಇದೇ ಕಲ್ಲು. ಇದು ನಿಮ್ಮ ಬಲಗಡೆ. ಹೊಟ್ಟೆ ಹೇಳೋದು ತಪ್ಪಾಗಬಹುದು ಅತ್ತಿಗೆ, ಇದು ತಪ್ಪಾಗಲ್ಲ. ಪೊರೆ ಕಿತ್ಕೊಂಡು ಹೋಗಿತ್ತು. ನಾನೇ ನನ್ನ ಕೈಯಾರೆ ಕೂರಿಸಿದ್ದೀನಿ."

ಆಕೆ ಪ್ಲೇಟು ಬಿಟ್ಟು ಅವನ ಮುಖವನ್ನೇ ನೋಡಿದಳು.

"ನೀನೇ ಕೂರಿಸಿದ್ದಾ?"

"ನಾನೇ."

"ಹಾಗಾದ್ರೆ ಆಯ್ತು ಬಿಡು. ಎಲ್ಲಿ ಆ ಕಾಗದ?"

ಆಕೆ ಹೆಬ್ಬೆಟ್ಟು ಒತ್ತಿದಳು. ಅವನೇ ಮಸಿಯನ್ನು ಒರೆಸಿದ.

ಶನಿವಾರ ತೊಟ್ಟಿ ಉಜ್ಜುವ ದಿನ. ಎಂಟು ಗಂಟೆಗೆ ಅತ್ತಿಗೆಯನ್ನು ತಳ್ಳುಮಂಚದಲ್ಲಿ ಆಪರೇಷನ್ ಕೋಣೆಗೆ ಕರೆದೊಯ್ದದ್ದನ್ನು ಕಂಡು, ಹೆಂಡತಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಅವನು ಕೆಳಗಿಳಿದು ಬಂದ. ಸುಮ್ಮನೆ ಕೂರಲು ಆಗಲಿಲ್ಲ. ತೊಟ್ಟಿಯ ನೀರು ಬಿಟ್ಟು, ಬಾಗಿಲು ತೆರೆದು, ಬ್ರಷ್ಷು ಹಿಡಿದು ಉಜ್ಜತೊಡಗಿದ. ತುಂಬಿದ ನೀರು ಹೊರಗೆ ಹರಿದುಹೋಗುವ ಮೇಲಿನ ತೂತಿನ ಅಂಚಿಗೆ ಮೀನಿನ ಹುರುಪೆಯಂಥದ್ದೊಂದು ಒಣಗಿ ಅಂಟಿಕೊಂಡಿತ್ತು. ಬ್ರಷ್ಷಿಗೆ ಸಿಗುವ ಮುಂಚೆ ಉಗುರಿನಿಂದ ಮೆಲ್ಲಗೆ ಎಬ್ಬಿಸಿದ. ಪೊರೆಯ ಚೂರು. ಅದರಲ್ಲಿ ದುಂಡಗಿನ ಗುರುತು, ಪಕ್ಕದಲ್ಲಿ ಅವನದೇ ಅಕ್ಷರದಲ್ಲಿ 437.

ಅವನಿಗೆ ಖುಷಿಯಾಯಿತು. ಕಳೆದುಹೋಗಿದ್ದ ಮೂಲೆ ಸಿಕ್ಕಿತ್ತು. ಸರ್ಜನ್ ನೋಡಿದ ಮೇಲೆ ಪ್ಲೇಟು ಮತ್ತೆ ಕೆಳಗೇ ಬಂದು ಕಪಾಟಿನಲ್ಲಿತ್ತು. ಅದನ್ನು ತೆಗೆದು, ಪೊರೆಯ ಮುಖ ಮೇಲೆ ಬರುವ ಹಾಗೆ ಮೇಜಿನ ಮೇಲಿಟ್ಟ. ಚೂರನ್ನು ಒದ್ದೆ ಮಾಡಿ, ಸಂಖ್ಯೆ ಓದಲು ಬರುವ ಹಾಗೆ, ಎಡಗೈ ಕಡೆಯ ಮೂಲೆಯಲ್ಲಿ ಇಟ್ಟ. ಬಿಲ್ಲೆ ಇರಬೇಕಾದ ಮೂಲೆ ಅದೇ. ಹರಿದ ಅಂಚುಗಳು ಹೊಂದಲಿಲ್ಲ. ಉಬ್ಬಿರಬೇಕು ಎಂದುಕೊಂಡು ಆ ಕಡೆ ಈ ಕಡೆ ಸರಿಸಿದ. ಹೊಂದಲಿಲ್ಲ. ಆಮೇಲೆ, ಯಾಕೆ ಎಂದು ತನಗೇ ಸ್ಪಷ್ಟವಾಗುವ ಮುಂಚೆ, ಚೂರನ್ನು ಮಗುಚಿ ಬಲಗೈ ಕಡೆಯ ಮೂಲೆಯಲ್ಲಿಟ್ಟ. ಅಂಚು ಅಂಚಿಗೆ ಕೂತಿತು. ಹರಿದದ್ದೇ ಕಾಣದಷ್ಟು. ಸಂಖ್ಯೆ ಕನ್ನಡಿಯೊಳಗಿನಂತೆ ತಿರುವುಮುರುವಾಗಿ ಕಾಣುತ್ತಿತ್ತು.

ಪೊರೆ ನೀರಿನಲ್ಲಿ ಮಗುಚಿತ್ತು. ಎಡ ಬಲವಾಗಿತ್ತು.

ಪ್ಲೇಟು ಹಿಡಿದುಕೊಂಡು ಅವನು ಮೆಟ್ಟಿಲು ಹತ್ತಿದ. ನಲವತ್ತೆರಡು ಮೆಟ್ಟಿಲು. ಬೆಂಚಿನ ಮೇಲಿದ್ದ ಹೆಂಡತಿ ಏನ್ರೀ ಎಂದು ಎದ್ದಳು; ಅವನು ಆಕೆಯನ್ನು ದಾಟಿ ಹೋದ. ಆಪರೇಷನ್ ಕೋಣೆಯ ಬಾಗಿಲಲ್ಲಿ ಹಿರಿಯ ನರ್ಸು ಅವನ ಏಪ್ರನ್ನು ಕಂಡು ಕೈ ಅಡ್ಡ ಹಾಕಿದಳು.

"ಈ ಗಲೀಜಿನಲ್ಲಿ ಒಳಗೆ ಬರೋಹಾಗಿಲ್ಲ."

"ಬರಲ್ಲ. ಎಡಗಡೆ ಅಂತ ಹೇಳಿ. ಕಲ್ಲು ಎಡಗಡೆ ಇದೆ. ಪ್ಲೇಟು ಮಗುಚಿದೆ, ಅಷ್ಟೇ ಹೇಳಿ."

ನರ್ಸು ಒಳಗೆ ಹೋದಳು. ಸರ್ಜನ್ ತಾವೇ ಬಾಗಿಲಿಗೆ ಬಂದರು. ಎರಡೂ ಕೈಗಳನ್ನು ಎದೆಯೆತ್ತರಕ್ಕೆ ಹಿಡಿದಿದ್ದರು. ಕೈಗವಸಿನ ಮೇಲೆ ರಕ್ತವಿತ್ತು. ಅವನು ಪ್ಲೇಟನ್ನು ಕಿಟಕಿಗೆ ಹಿಡಿದು, ಅಂಟಿಸಿದ್ದ ಮೂಲೆಯನ್ನು ತೋರಿಸಿದ. ಅವರು ಸಂಖ್ಯೆಯನ್ನು ತಿರುವಿ ಓದಿಕೊಂಡರು.

"ಅರ್ಧ ಗಂಟೆಯಿಂದ ಹುಡುಕ್ತಾ ಇದ್ದೀನಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಅವರೆದುರು ನಿಲ್ಲುವುದು ಸುಲಭವಾಗುತ್ತಿತ್ತು ಎಂದು ಅವನು ಮುಂದೊಂದು ದಿನ ಹೆಂಡತಿಗೆ ಹೇಳಿದ.

ತೆರೆದದ್ದನ್ನು ಹೊಲಿದರು. ಅದೇ ದಿನ ಇನ್ನೊಂದು ಬದಿ ಕೊಯ್ದರೆ ಜೀವ ತಡೆಯದು ಎಂದರು. ಕೇಸ್ ಕಾಗದದಲ್ಲಿ, ‘ಬಲ ಮೂತ್ರಪಿಂಡವನ್ನು ಪರೀಕ್ಷಿಸಲಾಯಿತು, ಕಲ್ಲು ಕಂಡುಬರಲಿಲ್ಲ’ ಎಂದು ಬರೆದರು. ಪ್ಲೇಟಿನ ಮಾತು ಅದರಲ್ಲಿರಲಿಲ್ಲ. ಅವನ ಕೆಲಸ ಉಳಿಯಿತು. ಕೇಳಿದವರಿಗೆಲ್ಲ ಆಸ್ಪತ್ರೆಯವರು ಬಿಸಿಲಿನ ಕಾರಣ ಹೇಳಿದರು.

ಗಾಯ ಕೀವು ಕಟ್ಟಿತು. ಹದಿನಾರು ದಿನ ಜ್ವರ. ಅವನ ಹೆಂಡತಿ ವಾರ್ಡಿನಲ್ಲೇ ನೆಲದ ಮೇಲೆ ಮಲಗಿ ನೋಡಿಕೊಂಡಳು. ಬಲಗಡೆ ಹೊಲಿಗೆಯ ಉರಿ, ಎಡಗಡೆ ಹಳೆಯ ನೋವು. ಯಾವ ಮಗ್ಗುಲಿಗೆ ತಿರುಗಿಸಿದರೂ ಅತ್ತಿಗೆ ನರಳುತ್ತಿದ್ದಳು. ಹದಿನೇಳನೆಯ ದಿನ ಜ್ವರ ಬಿಟ್ಟಿತು. ಮರುದಿನ ಅವನು ಹಾಸಿಗೆಯ ಪಕ್ಕದಲ್ಲಿ ಕೂತು, ಆದದ್ದನ್ನೆಲ್ಲ ಮೊದಲಿನಿಂದ ಹೇಳಿದ. ಐಸು ಸಿಗದಿದ್ದುದು, ತಾನು ಕಾಯದಿದ್ದುದು, ಪೊರೆ ಮಡಿಚಿದ್ದು, ಲಕೋಟೆಯ ಮೇಲೆ ತಾನೇ ಬರೆದದ್ದು. ಅತ್ತಿಗೆ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಅಂದ್ರೆ ನಾನು ಹೇಳಿದ್ದೇ ಸರಿ" ಎಂದಳು ಕೊನೆಗೆ.

"ಹೌದು."

"ನೋಡು. ನನ್ನ ಹೊಟ್ಟೆ ಬಾಯಿ ಬಿಟ್ಟು ಹೇಳ್ತಾ ಇತ್ತು. ನಾನೇ ಅದನ್ನ ಸುಮ್ನಿರಿಸಿದೆ."

"ನೀವಲ್ಲ. ನಾನು."

"ನೀನು ಹೇಳಿದೆ. ಕೇಳಿದೋಳು ನಾನಲ್ವಾ." ಕಣ್ಣು ತೆರೆದು ಕೇಳಿದಳು: "ಏಪ್ರನ್ನು ಯಾರು ಒಗೀತಾ ಇದ್ದಾರೆ?"

"ಹಾಗೇ ಇದೆ."

"ಅದೇ ಅಂದ್ಕೊಂಡೆ. ವಾಸನೆ ಬರ್ತಾ ಇದೆ."

ಆರನೆಯ ವಾರದಲ್ಲಿ ಮತ್ತೆ ಚಿತ್ರ ತೆಗೆದರು. ಈ ಸಲ ಒಂದು ಗಾಡಿ ಐಸು ಕೆಳಗಿಳಿಯಿತು. ಅವನು ತೊಳೆದ ಪ್ಲೇಟುಗಳಲ್ಲೇ ಅಷ್ಟು ಸ್ವಚ್ಛವಾದದ್ದು ಇನ್ನೊಂದಿರಲಿಲ್ಲ. ಬಿಲ್ಲೆ ಅದರ ಜಾಗದಲ್ಲಿ, ಸಂಖ್ಯೆ ಅದರ ಜಾಗದಲ್ಲಿ, ಕಲ್ಲು ಎಡಗಡೆ. ಮೊದಲಿಗಿಂತ ದೊಡ್ಡದಾಗಿತ್ತು.

ಸರ್ಜನ್ ವಾರ್ಡಿಗೇ ಬಂದು ಕೂತು ಮಾತಾಡಿದರು. ಆಕೆ ಸೋತಿದ್ದಾಳೆ, ಅಪಾಯ ಇಲ್ಲ ಎನ್ನಲಾರೆ ಎಂದರು. ತೆಗೆಯದಿದ್ದರೆ ಮೂತ್ರಪಿಂಡ ಕೀವಾಗುತ್ತದೆ. ಆಗ ಏನೂ ಮಾಡಲಾಗದು. ತೆಗೆಸುವುದೇ ಮೇಲು ಎಂದರು. ಅವರು ಎದ್ದುಹೋದ ಮೇಲೆ ಅತ್ತಿಗೆ ಮೈದುನನ ಕಡೆ ತಿರುಗಿದಳು. ಅವನ ಹೆಂಡತಿ ಮಂಚದ ಕಾಲ ಬಳಿ ನಿಂತಿದ್ದಳು.

"ನೀನು ಹೇಳು. ಏನು ಮಾಡಲಿ?"

ಅವನು ಕೈಯಲ್ಲಿದ್ದ ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡ.

"ನಂಗೆ ಓದು ಬರಹ ಇಲ್ಲ. ಆ ಗಾಜಿನಲ್ಲಿ ಏನಿದೆ ಅಂತ ನಂಗೆ ಕಾಣಲ್ಲ. ಕಾಣೋದು ನಿಂಗೆ. ಕೊಯ್ಸಿಕೋ ಅಂದ್ರೆ ಕೊಯ್ಸಿಕೊಳ್ತೀನಿ."

"ಹೇಳ್ರೀ" ಎಂದಳು ಹೆಂಡತಿ. "ಅಕ್ಕ ಕೇಳ್ತಾ ಇಲ್ವಾ? ಒಂದು ಮಾತು ಹೇಳಿ."

ಪ್ಲೇಟು ಅವನ ತೊಡೆಯ ಮೇಲೇ ಇತ್ತು. ಕಲ್ಲು ಎಲ್ಲಿದೆ ಎನ್ನುವುದರಲ್ಲಿ ಈ ಸಲ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ. ತೆಗೆಸಬೇಕು ಎಂಬುದೂ ಅವನಿಗೆ ಗೊತ್ತಿತ್ತು. ಆದರೆ ಹೋದ ಸಲವೂ ಇದೇ ವಾರ್ಡಿನಲ್ಲಿ, ಹೀಗೇ ಗಾಜು ಹಿಡಿದು, ಗೊತ್ತು ಎಂಬ ದನಿಯಲ್ಲೇ ಮಾತಾಡಿದ್ದ. ಬಾಯಿ ತೆರೆದ. ಬಂದದ್ದು ಬೇರೆ ಮಾತು.

"ನಂಗೊತ್ತಿಲ್ಲ ಅತ್ತಿಗೆ."

ಹೆಂಡತಿ ಅವನನ್ನು ನೋಡಿ ಮುಖ ತಿರುಗಿಸಿದಳು. ಅತ್ತಿಗೆ ಹೊದಿಕೆಯ ಅಂಚನ್ನು ಬೆರಳಿನಿಂದ ಸರಿಮಾಡಿಕೊಂಡಳು. ಒಗೆಯುವವಳ ಅಭ್ಯಾಸ, ಹೊಲಿಗೆ ಬಿಚ್ಚಿದೆಯೇ ಎಂದು ನೋಡುವುದು.

"ನಿಂಗೇ ಗೊತ್ತಿಲ್ಲ ಅಂದ್ಮೇಲೆ ಆಯ್ತು" ಎಂದಳು. "ಮನೆಗೆ ಹೋಗೋಣ."

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅವನೂ ಅವನ ಹೆಂಡತಿಯೂ ಆಕೆಯನ್ನು ಮನೆಗೆ ಕರೆದೊಯ್ದರು. ಎಡ ಮೂತ್ರಪಿಂಡ ಕೀವುಗಟ್ಟಿ ಆಕೆ ತೀರಿಕೊಂಡದ್ದು ಅದಾಗಿ ಐದು ತಿಂಗಳಿಗೆ.